ರತ್ನಪರೀಕ್ಷೆಯೂ ಜನ್ಮರತ್ನವೂ

ಧಾರವಾಡದಿಂದ ಸವದತ್ತಿಯ ದಾರಿ ಹಿಡಿದು ಹೊರಟರೆ ಸ್ವಲ್ಪ ಹೊತ್ತಿಗೇ ಅಮ್ಮಿನಬಾವಿ ಬರುತ್ತದೆ; ಎರೆಹೊಲಗಳ ನಡುವಿನ, ಹಳೆಯ ಬಸದಿಯುಳ್ಳ ಊರು. ಹೋದ ತಿಂಗಳು ಅಲ್ಲಿಯ ನಮ್ಮ ಚಿಗವ್ವನ ಮನೆಗೆ ಹೋಗಿದ್ದೆ. ಆಕೆ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತ ಕುಳಿತಿದ್ದಳು. ಮಗ್ಗುಲಿಗೆ ಒಂದು ಸಣ್ಣ ಪುಸ್ತಕ. ಮೇಲೆ ಒಂಬತ್ತು ಬಣ್ಣದ ಹರಳುಗಳ ಚಿತ್ರ. “ನೀ ಓದಿದಾಂವ ಇದ್ದಿ ತಮ್ಮಾ, ಇದರಾಗಿಂದು ಖರೆ ಐತೋ ಸುಳ್ಳ ಐತೋ ನೋಡಿ ಹೇಳು” ಎಂದು ಅದನ್ನು ನನ್ನ ಕೈಗಿತ್ತಳು.

ಸಂಗತಿ ಇಷ್ಟು. ಆಕೆಯ ಮೊಮ್ಮಗ ಸರಕಾರಿ ನೌಕರಿಯ ಪರೀಕ್ಷೆಗೆ ಮೂರು ಸಲ ಕುಳಿತ, ಮೂರು ಸಲವೂ ಆಗಲಿಲ್ಲ. ಹುಡುಗನಿಗೆ ಸಾಡೇಸಾತಿ ನಡೆದಿದೆಯಂತೆ, ಶನಿಗೆ ನೀಲ. ಹುಟ್ಟಿದ್ದು ಸಪ್ಟೆಂಬರಿನಲ್ಲಿ, ಆ ತಿಂಗಳ ಹರಳೂ ನೀಲ. ಎರಡು ಬಾಗಿಲಿನಿಂದ ಹೊಕ್ಕರೂ ಒಂದೇ ಪಡಸಾಲೆ! ಬೆಲೆ 40,000 ರೂಪಾಯಿ. ಕಡಲೆ ಮಾರಿದ ದುಡ್ಡಿನಲ್ಲಿ 5,000 ಮುಂಗಡ ಕೊಟ್ಟಾಗಿತ್ತು. ಉಳಿದುದಕ್ಕೆ ಆಕೆಯ ಕೈಯ ಪಾಟಲಿಗಳು ಸಿದ್ಧವಾಗಿದ್ದವು.

ವಿಮರ್ಶಕನ ಪಾಲಿಗೆ ಬರುವ ಪುಸ್ತಕಗಳಲ್ಲಿ ಹೆಚ್ಚಿನವು ಓದುಗನ ವೇಳೆಯನ್ನಷ್ಟೇ ಕೇಳುತ್ತವೆ. ಈ ಪುಸ್ತಕ ಒಂದು ಜೊತೆ ಪಾಟಲಿಯನ್ನು ಕೇಳುತ್ತಿತ್ತು. ಆದುದರಿಂದ ಅದನ್ನು ಗಂಭೀರವಾಗಿಯೇ ಓದಿದೆ. ಅದರ ಹೆಸರು ಬೇಡ. ಇಂಥವು ಬಸ್ ನಿಲ್ದಾಣದ ಅಂಗಡಿಗಳಲ್ಲಿ ಸಾಲಾಗಿ ತೂಗಾಡುತ್ತಿರುತ್ತವೆ, ಒಂದನ್ನು ಓದಿದರೆ ಎಲ್ಲವನ್ನೂ ಓದಿದಂತೆ. ಎಡಪುಟದಲ್ಲಿ ಗ್ರಹಗಳು: ರವಿಗೆ ಮಾಣಿಕ್ಯ, ಚಂದ್ರನಿಗೆ ಮುತ್ತು, ಕುಜನಿಗೆ ಹವಳ, ಬುಧನಿಗೆ ಪಚ್ಚೆ, ಗುರುವಿಗೆ ಪುಷ್ಯರಾಗ, ಶುಕ್ರನಿಗೆ ವಜ್ರ, ಶನಿಗೆ ನೀಲ, ರಾಹುವಿಗೆ ಗೋಮೇಧಿಕ, ಕೇತುವಿಗೆ ವೈಡೂರ್ಯ. ಬಲಪುಟದಲ್ಲಿ ಜನವರಿಯಿಂದ ಡಿಸೆಂಬರಿನವರೆಗೆ ಹನ್ನೆರಡು ಹರಳು. ಎರಡರ ನೆತ್ತಿಗೂ ಒಂದೇ ಮಾತು: ನಮ್ಮ ಪ್ರಾಚೀನ ಋಷಿಗಳು ಹೇಳಿದ್ದು.

ಎಡಪುಟದ ಮಾತನ್ನು ಒಪ್ಪಬಹುದು. ಗ್ರಹಕ್ಕೂ ರತ್ನಕ್ಕೂ ಗಂಟು ಹಾಕಿದ್ದು ನಮ್ಮಲ್ಲಿ ಹಳೆಯದೇ. ‘ಜಾತಕಪಾರಿಜಾತ’ದಂಥ ಗ್ರಂಥಗಳಲ್ಲಿ ಇದೇ ಕ್ರಮವಿದೆ. ಆದರೆ ಬಲಪುಟದ ಋಷಿಗಳು ಯಾರು? ಹನ್ನೆರಡು ಹರಳುಗಳ ಕಲ್ಪನೆಗೆ ಮೂಲ ಯೆಹೂದ್ಯರ ಪ್ರಧಾನ ಯಾಜಕನ ಎದೆಪದಕ. ಅದರಲ್ಲಿ ಹನ್ನೆರಡು ಕುಲಗಳಿಗೆ ಹನ್ನೆರಡು ಕಲ್ಲುಗಳಿದ್ದವೆಂದು ಬೈಬಲ್ಲಿನ ಹಳೆಯ ಒಡಂಬಡಿಕೆ ಹೇಳುತ್ತದೆ. ಮೊದಲನೆಯ ಶತಮಾನದ ಜೋಸೆಫಸನು ಅವನ್ನು ತಿಂಗಳುಗಳಿಗೂ ರಾಶಿಗಳಿಗೂ ಹೋಲಿಸಿದ. ಇಂದು ಚಲಾವಣೆಯಲ್ಲಿರುವ ಪಟ್ಟಿಯನ್ನು ಗೊತ್ತುಪಡಿಸಿದ್ದಾದರೋ 1912ರಲ್ಲಿ, ಅಮೇರಿಕೆಯ ಒಡವೆ ವ್ಯಾಪಾರಿಗಳ ಸಂಘ. ವ್ಯಾಪಾರಿಗಳು ಕೂಡಿ ಕುಳಿತು ಮಾಡಿದ ಪಟ್ಟಿಯನ್ನು ವ್ಯಾಪಾರಿಗಳೇ ತಿದ್ದುತ್ತ ಬಂದರು. 2002ರಲ್ಲಿ ಡಿಸೆಂಬರಿಗೆ ‘ಟಾಂಜನೈಟ್’ ಎಂಬ ಹರಳನ್ನೂ ಸೇರಿಸಿದರು. ಆ ಹರಳು ಟಾಂಜಾನಿಯದ ನೆಲದಲ್ಲಿ ದೊರೆತದ್ದು 1967ರಲ್ಲಿ. ಚಿಗವ್ವನ ಪುಸ್ತಕದಲ್ಲಿ ಅದೂ ಇದೆ, ಋಷಿಗಳ ಹೆಸರಿನಲ್ಲಿ!

ಇದು ಚರಿತ್ರೆಯ ತಪ್ಪು. ಅದನ್ನು ತಿದ್ದಿ ಸುಮ್ಮನಾಗಬಹುದಿತ್ತು. ನನಗೆ ಹೆಚ್ಚು ನೋವಾದದ್ದು ಬೇರೊಂದು ಕಡೆ. ರತ್ನಶಾಸ್ತ್ರವೆಂದು ನಮ್ಮಲ್ಲಿ ನಿಜವಾಗಿ ಇದ್ದದ್ದರ ಮುಖ್ಯ ಹೆಸರು ‘ರತ್ನಪರೀಕ್ಷೆ’. ಬುದ್ಧಭಟ್ಟನ ಗ್ರಂಥಕ್ಕೆ ಅದೇ ಹೆಸರು. ಆರನೆಯ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಇಪ್ಪತ್ತಕ್ಕೂ ಹೆಚ್ಚು ರತ್ನಗಳನ್ನು ಹೆಸರಿಸಿ, ವಜ್ರ, ಮುತ್ತು, ಪದ್ಮರಾಗ, ಮರಕತ ಈ ನಾಲ್ಕನ್ನು ಬಿಡಿಸಿ ಹೇಳುತ್ತಾನೆ. ಒಳ್ಳೆಯ ರತ್ನದಿಂದ ಅರಸನಿಗೆ ಒಳ್ಳೆಯದು, ಕೆಟ್ಟದ್ದರಿಂದ ಕೇಡು ಎಂಬ ನಂಬಿಕೆ ಆತನಿಗೂ ಇತ್ತು. ಆದರೆ ಆತ ನೋಡುವುದು ಹರಳನ್ನು: ಅದರ ಬಣ್ಣ, ತೂಕ, ಹೊಳಪು, ಒಳಗಿನ ಬಿರುಕು. ನೀವು ಹುಟ್ಟಿದ ತಿಂಗಳನ್ನಂತೂ ಆತ ಕೇಳುವುದಿಲ್ಲ. ನಮ್ಮ ನಾಡಿನ ಅರಸನೇ ಆದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ಅದರಲ್ಲಿ ರತ್ನಗಳ ಪರೀಕ್ಷೆ ಬರುವುದು ಬೊಕ್ಕಸದ ಪ್ರಕರಣದಲ್ಲಿ. ಆಳುವವನು ಮೋಸಹೋಗಬಾರದು ಎಂಬ ಎಚ್ಚರ ಅಲ್ಲಿದೆ. ಆ ಗ್ರಂಥದ ಇನ್ನೊಂದು ಹೆಸರು ‘ಅಭಿಲಷಿತಾರ್ಥ ಚಿಂತಾಮಣಿ’. ಬೇಡಿದ್ದನ್ನು ಕೊಡುವ ಮಣಿಯ ಹೆಸರನ್ನು ಆತ ಪುಸ್ತಕಕ್ಕೆ ಇಟ್ಟ, ಉಂಗುರಕ್ಕೆ ಇಡಲಿಲ್ಲ ಎಂಬುದು ನನಗೆ ಯಾವಾಗಲೂ ಮೆಚ್ಚುಗೆಯ ಸಂಗತಿ.

ಹಿಂದೆ ಮನುಷ್ಯ ಹರಳನ್ನು ಪರೀಕ್ಷಿಸುತ್ತಿದ್ದ. ಈ ಪುಸ್ತಕಗಳಲ್ಲಿ ಹರಳೇ ಮನುಷ್ಯನನ್ನು ಪರೀಕ್ಷಿಸುತ್ತದೆ. “ನೀಲ ಎಲ್ಲರಿಗೂ ಆಗಿಬರುವುದಿಲ್ಲ, ಮೂರು ರಾತ್ರಿ ತಲೆದಿಂಬಿನ ಕೆಳಗಿಟ್ಟು ನೋಡಬೇಕು” ಎಂಬ ಮಾತನ್ನು ನೀವೂ ಕೇಳಿರಬಹುದು. ಕೆಟ್ಟ ಕನಸು ಬಿದ್ದರೆ ದೋಷ ಮಲಗಿದವನದು, ಅಂಗಡಿಯದಲ್ಲ.

ಕನ್ನಡ ಕವಿಗಳು ರತ್ನದ ಮಾತೆತ್ತಿದಾಗ ಯಾವ ಪಕ್ಷ ಹಿಡಿದರು? ಮುಧೋಳದ ಬಳೆಗಾರರ ಮನೆಯ ರನ್ನ ತನ್ನ ಹೆಸರಿನಲ್ಲೇ ರತ್ನವನ್ನಿಟ್ಟುಕೊಂಡಿದ್ದ. ಆದಿಶೇಷನ ಹೆಡೆಯ ಮಣಿಯನ್ನೂ ತನ್ನ ಕೃತಿಯನ್ನೂ ಪರೀಕ್ಷಿಸಹೊರಡುವವನ ಎದೆಗಾರಿಕೆಯನ್ನೇ ಆತ ಪ್ರಶ್ನಿಸಿದ್ದು ಎಲ್ಲರಿಗೂ ಗೊತ್ತು. ಅದರಲ್ಲಿ ಗರ್ವವಿದೆ, ಸರಿ. ಆದರೆ ಪರೀಕ್ಷೆಗೆ ಎದೆ ಬೇಕು ಎಂಬ ಅರಿವೂ ಇದೆ. ಆತನಿಗೆ ಆಶ್ರಯವಿತ್ತ ಅತ್ತಿಮಬ್ಬೆ ರತ್ನ, ಸುವರ್ಣಗಳ 1500 ಜಿನಬಿಂಬಗಳನ್ನು ಮಾಡಿಸಿದಳೆಂದು ಪ್ರಸಿದ್ಧಿ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದೂ ಆಕೆಯೇ. ಅಮ್ಮಿನಬಾವಿಯ ಬಸದಿಗೆ ಕೈಮುಗಿಯುವವರಿಗೆ ರತ್ನತ್ರಯವೆಂದರೆ ಸಮ್ಯಕ್ ದರ್ಶನ, ಸಮ್ಯಕ್ ಜ್ಞಾನ, ಸಮ್ಯಕ್ ಚಾರಿತ್ರ. ಯಾವ ಅಂಗಡಿಯಲ್ಲೂ ದೊರೆಯದ ಮೂರು. ಬಸವಣ್ಣನವರು ಮುತ್ತು, ಮಾಣಿಕ್ಯ, ಸ್ಫಟಿಕಗಳನ್ನು ತಂದದ್ದು ಮನುಷ್ಯನ ಮಾತಿಗೆ ಅಳತೆಗೋಲಾಗಿ. ಮುದ್ದಣನಿಗೆ ಕನ್ನಡದ ನಡುವೆ ಸಂಸ್ಕೃತ ಬೆರೆತರೆ ಕರಿಮಣಿಯ ಸರದಲ್ಲಿ ಹವಳ ಕೋದಂತೆ ಕಂಡಿತು. ಪುರಂದರದಾಸರ ಕಥೆಯಲ್ಲಂತೂ ಮೂಗುತಿಯ ಹರಳೇ ತಿರುವಿನ ಬಿಂದು. ಹೆಂಡತಿ ದಾನ ಕೊಟ್ಟ ಮೂಗುತಿಯನ್ನು ಬಡ ಬ್ರಾಹ್ಮಣ ಆಕೆಯ ಗಂಡನ ಅಂಗಡಿಗೇ ತರುತ್ತಾನೆ. ಆ ಜಿಪುಣ ವ್ಯಾಪಾರಿ ನೋಡಿದೊಡನೆ ಅದನ್ನು ಗುರುತಿಸುತ್ತಾನೆ. ಅವನ ರತ್ನಪರೀಕ್ಷೆ ಒಂದಿಷ್ಟೂ ತಪ್ಪಲಿಲ್ಲ. ಅವನ ಬದುಕು ತಿರುಗಿದ್ದು ಹರಳನ್ನು ತೊಟ್ಟದ್ದರಿಂದಲ್ಲ, ಬಿಟ್ಟದ್ದರಿಂದ.

ಚೌತಿಯ ದಿನ ಮನೆಮನೆಯಲ್ಲೂ ಹೇಳುವ ಸ್ಯಮಂತಕದ ಕಥೆಯನ್ನು ನೆನೆಯಿರಿ. ದಿನವೂ ಬಂಗಾರ ಕೊಡುವ ಆ ಮಣಿಯನ್ನು ಕೊರಳಲ್ಲಿ ಧರಿಸಿ ಹೋದ ಪ್ರಸೇನ ಸಿಂಹದ ಬಾಯಿಗೆ ಬಿದ್ದ, ಕೃಷ್ಣನಿಗೆ ಕಳವಿನ ಅಪವಾದ ಬಂತು. ರಕ್ಷೆಯ ಕಥೆ ಇದಂತೂ ಅಲ್ಲ.

ಇನ್ನು ಆ ಪುಸ್ತಕ ತನ್ನ ಆಧಾರವೆಂದು ಹೆಸರಿಸುವ ಗರುಡಪುರಾಣ. ಬಲನೆಂಬ ಅಸುರನ ದೇಹದಿಂದ ರತ್ನಗಳು ಹುಟ್ಟಿದವು ಎಂದು ಅಲ್ಲಿದೆ: ಎಲುಬು ವಜ್ರ, ಹಲ್ಲು ಮುತ್ತು, ರಕ್ತ ಪದ್ಮರಾಗ, ಪಿತ್ತ ಮರಕತ, ಕಣ್ಣು ನೀಲ. ಪುಸ್ತಕ ಈ ಪಟ್ಟಿಯನ್ನು ಎತ್ತಿಕೊಂಡು ಕಥೆಯನ್ನು ಬಿಟ್ಟಿದೆ. ಬಲನನ್ನು ಯುದ್ಧದಲ್ಲಿ ಗೆಲ್ಲಲಾರದ ದೇವತೆಗಳು ಬೇಡುವವರಂತೆ ಬಂದು, ನಮ್ಮ ಯಜ್ಞಕ್ಕೆ ನೀನೇ ಪಶುವಾಗು ಎಂದು ಕೇಳಿದರು. ಆತ ಮಾತು ಕೊಟ್ಟ, ಕೊಟ್ಟಮೇಲೆ ಹಿಂದೆಗೆಯಲಿಲ್ಲ. ನಾವು ಬೆರಳಿಗೆ ತೊಡುವುದು ಮಾತು ತಪ್ಪದ ಒಬ್ಬ ಅಸುರನ ಅವಶೇಷವನ್ನು. ಪುರಾಣಕಾರನ ಈ ಕಲ್ಪನೆಯ ಮುಂದೆ ‘ವ್ಯಾಪಾರ ವೃದ್ಧಿ, ಶತ್ರುನಾಶ’ ಎಂಬ ಫಲಶ್ರುತಿ ಎಷ್ಟು ಬಡವಾಗಿ ಕಾಣುತ್ತದೆ!

ವಿಜ್ಞಾನವೂ ಒಂದು ತಮಾಷೆಯನ್ನು ಇಟ್ಟುಕೊಂಡಿದೆ. ಮಾಣಿಕ್ಯವೂ ನೀಲವೂ ‘ಕುರುಂದ’ ಎಂಬ ಒಂದೇ ಖನಿಜ. ಚಿಟಿಕೆಯಷ್ಟು ಕ್ರೋಮಿಯಂ ಬೆರೆತರೆ ಕೆಂಪು, ಕಬ್ಬಿಣ ಟೈಟಾನಿಯಂಗಳು ಬೆರೆತರೆ ನೀಲಿ. ಒಂದು ರವಿಯ ಹರಳು, ಇನ್ನೊಂದು ಶನಿಯದು. ಪುರಾಣದಲ್ಲಿ ತಂದೆ ಮಗ, ಜ್ಯೋತಿಷ್ಯದಲ್ಲಿ ಹಗೆಗಳು, ಭೂಮಿಯೊಳಗೆ ಒಂದೇ ರಕ್ತ. ಕುಲುಮೆಯಲ್ಲಿ ಮಾಣಿಕ್ಯ ತಯಾರಿಸುವ ಬಗೆಯನ್ನು ಫ್ರಾನ್ಸಿನ ವೆರ್ನೇಯ್ ಪ್ರಕಟಿಸಿ ನೂರು ವರ್ಷಕ್ಕೆ ಮೇಲಾಯಿತು. ನೀಲವನ್ನೂ ಹಾಗೆಯೇ ಮಾಡುತ್ತಾರೆ. ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. ಹೀಗಿರುವಾಗ, ಕೊಳ್ಳುವ ಹರಳನ್ನು ಪರೀಕ್ಷಿಸಿ ನೋಡಿ ಎಂಬ ಒಂದು ವಾಕ್ಯಕ್ಕಾದರೂ ಆ ಪುಸ್ತಕದಲ್ಲಿ ಎಡೆ ಇರಬೇಕಿತ್ತು; ಇಲ್ಲ. ಬೆಲೆಬಾಳುವ ಹರಳಿಗೆ ಪ್ರಯೋಗಾಲಯದ ಪ್ರಮಾಣಪತ್ರ ಕೇಳಬಹುದೆಂಬುದೂ ಇಲ್ಲ.

ಇದನ್ನೆಲ್ಲ ನಾನು ಚಿಗವ್ವನಿಗೆ ಆಕೆಯ ಮಾತಿನಲ್ಲೇ ಹೇಳಿದೆ. ಅಮೇರಿಕೆಯ ಪಟ್ಟಿ ಕೇಳಿ ನಕ್ಕಳು. ಬಲನ ಕಥೆಗೆ ಮಾತ್ರ ಆಕೆಯ ಕೈ ನಿಂತಿತು. “ಪಾಪ, ಮಾತು ಕೊಟ್ಟಿದ್ದನಲ್ಲ” ಎಂದಳು. ಮತ್ತೆ ಮೊರದಲ್ಲಿ ಕಣ್ಣಿಟ್ಟು, “ನೀ ಹೇಳೂದು ಖರೇನs ಇರಬೇಕು ತಮ್ಮಾ. ಆದರ ಹುಡುಗ ಪರೀಕ್ಷಾಕ್ಕ ಕುಂತಾಗ ಕೈ ನಡಗತಾವ ಅಂತಾನ. ಉಂಗರ ಇದ್ದರ ನಡಗೂದಿಲ್ಲೇನೋ ಅಂತ ನನಗ. ಅದಕ್ಕ ನಿನ್ನ ಪುಸ್ತಕದಾಗ ಏನರ ಬರದಾರೇನು?” ಎಂದು ಕೇಳಿದಳು.

ನನ್ನಲ್ಲಿ ಉತ್ತರವಿರಲಿಲ್ಲ. ಹಳೆಯ ಶಾಸ್ತ್ರಗಳನ್ನು ಕೊಂಡಾಡಿ ಹೊಸ ಪುಸ್ತಕವನ್ನು ಹಳಿಯುವ ನಮ್ಮಂಥವರ ವಿಮರ್ಶೆ ಈ ನಡುಗುವ ಕೈಯ ತನಕ ಹೋಗುವುದಿಲ್ಲವೆಂಬುದನ್ನು ಒಪ್ಪಲೇಬೇಕು. ಆ ಕೆಟ್ಟ ಪುಸ್ತಕ ಮಾತ್ರ ನೇರವಾಗಿ ಅಲ್ಲಿಗೇ ಹೋಗಿ ಬೆಲೆ ಹೇಳಿತ್ತು.

ಮುಂಗಡ ತಿರುಗಿ ಬರುವಂತಿಲ್ಲ. ಬರುವ ಸೋಮವಾರ ಅಂಗಡಿಗೆ ಹೋಗುವುದೆಂದು ಗೊತ್ತಾಗಿದೆ. ಪಾಟಲಿ ಒತ್ತೆ ಇಡುವ ಮೊದಲು ಹರಳನ್ನು ಬೆಳಕಿಗೆ ಹಿಡಿದು ನೋಡಲು, ಕಾಗದಪತ್ರ ಕೇಳಲು ನಾನೂ ಜೊತೆಗೆ ಬರಬೇಕಂತೆ. ಅಕ್ಕಿಯೊಳಗಿನ ಸಣ್ಣ ಹರಳೊಂದನ್ನು ಎತ್ತಿ ಅಂಗಳಕ್ಕೆ ಎಸೆಯುತ್ತ, “ಕಣ್ಣು ನನಗೂ ಇನ್ನೂ ಛಲೋ ಕಾಣಸ್ತಾವ” ಎಂದಳು ಚಿಗವ್ವ.