ತಾಳವಾಡಿಯ ಮೊದಲ ಐದು ಹಾವುಗಳು

ಹಾವು ಸಾಕಿ ಮರಿ ಮಾಡಿಸುವ ಹುಚ್ಚು ಹತ್ತಿದವರು ಮೊದಲು ಪಟ್ಟಿ ಹಾಕುತ್ತಾರೆ: ಯಾವ ಜಾತಿ, ಎಷ್ಟು ಗಂಡು, ಎಷ್ಟು ಹೆಣ್ಣು. ಬಾಲ್ ಪೈಥಾನ್‌ನಂಥ ವಿದೇಶಿ ಹಾವಾದರೆ ಸರ್ಕಾರದಲ್ಲಿ ನೋಂದಣಿ ಬೇಕು. ನಮ್ಮ ಹೊಲದ ಹಾವನ್ನು ಹಿಡಿದು ಸಾಕುವುದಕ್ಕಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ನಿಲ್ಲುತ್ತದೆ. ಹಾಗಂತ ಪಟ್ಟಿ ಹರಿಯಬೇಡಿ. ಅದು ನೋಟ್‌ಬುಕ್ಕಿನಲ್ಲಿರಲಿ, ಹಾವು ಹೊಲದಲ್ಲಿರಲಿ. ತಾಳವಾಡಿ ಸುತ್ತಲಿನ ಸತ್ಯಮಂಗಲ ಹುಲಿ ಕಾಡಿಗೆ ನುಗ್ಗುವುದೂ ಬೇಡ. ಕಬ್ಬಿನ ಹೊಲದ ಬದು, ಬೇಲಿ, ಕೆರೆ ಏರಿ ಸಾಕು.

ಮೊದಲ ಪುಟ ಕೇರೆಗೆ. ವಿಷವಿಲ್ಲ, ಹಗಲಲ್ಲೇ ಓಡಾಡುತ್ತದೆ, ಇಲಿ ಇದ್ದಲ್ಲಿ ಇದೂ ಇರುತ್ತದೆ. ಎರಡು ಕೇರೆ ಹೆಣೆದುಕೊಂಡು ಎದ್ದರೆ ಊರವರು ಸರಸ ಅನ್ನುತ್ತಾರೆ. ಕೇರೆ ಗಂಡು, ನಾಗರ ಹೆಣ್ಣು ಅನ್ನುವವರೂ ಉಂಟು. ದೂರ ನಿಂತು ಸಾವಕಾಶವಾಗಿ ನೋಡಿ. ಒಂದು ಮತ್ತೊಂದರ ತಲೆಯನ್ನು ನೆಲಕ್ಕೆ ಅದುಮುತ್ತದೆ. ಅದು ನುಣುಚಿಕೊಂಡು ಮತ್ತೆ ಮೇಲೇಳುತ್ತದೆ. ಎರಡೂ ಗಂಡು. ನಡೆಯುತ್ತಿರುವುದು ಕುಸ್ತಿ.

ಎರಡನೆಯದು ಹಸಿರು ಹಾವು. ಕಣ್ಣು ಕುಕ್ಕುತ್ತದೆ ಎಂಬ ಅಪವಾದ ಹೊತ್ತ ಇದರ ಕಣ್ಣನ್ನೇ ನೋಡಬೇಕು: ಪಾಪೆ ಅಡ್ಡಡ್ಡ ಸೀಳಿದಂತಿದೆ. ಗಾಳಿಗೆ ತೂಗುವ ಕಡ್ಡಿಯಂತೆ ತಾನೂ ತೂಗುತ್ತದೆ. ಮೂರನೆಯದು ಮಣ್ಣುಮುಕ್ಕ. ಹೆದರಿದರೆ ತಲೆಯನ್ನು ಸುರುಳಿಯೊಳಗೆ ಬಚ್ಚಿಟ್ಟು ಮೊಂಡು ಬಾಲ ಎತ್ತುತ್ತದೆ. ಈ ಉಪಾಯವೇ ಅದಕ್ಕೆ ಮುಳುವಾಯಿತು. 'ಎರಡು ತಲೆ ಹಾವು, ಅದೃಷ್ಟ ತರುತ್ತೆ' ಎಂದು ಕಳ್ಳಸಾಗಣೆಯವರು ಬೆನ್ನು ಹತ್ತಿದರು.

ನಾಲ್ಕು, ಐದು: ನಾಗರ, ಕೊಳಕುಮಂಡಲ. ಇವುಗಳ ಹತ್ತಿರ ರಸಿಕತೆ ದೂರದಿಂದಲೇ. ನಾಗರ ಹೆಡೆ ಬಿಚ್ಚಿತೆಂದರೆ ನೀವು ಆಗಲೇ ಹೆಚ್ಚು ಹತ್ತಿರ ಹೋಗಿದ್ದೀರಿ. ಕೊಳಕುಮಂಡಲದ ಬೆನ್ನಿನ ಮೇಲೆ ಸರಪಳಿಯಂತೆ ಮೂರು ಸಾಲು ಕಂದು ಮಚ್ಚೆ, ಬುಸುಗುಟ್ಟಿದರೆ ಕುಕ್ಕರಿನ ಸದ್ದು. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ, ನೇರ ಆಸ್ಪತ್ರೆಗೆ.

ಇನ್ನು ಮರಿಗಳ ಲೆಕ್ಕ. ಕೇರೆ, ನಾಗರ ಮೊಟ್ಟೆ ಇಡುತ್ತವೆ. ಉಳಿದ ಮೂರು ಮರಿಯನ್ನೇ ಹೆರುತ್ತವೆ. ಇಷ್ಟು ಗೊತ್ತಿದ್ದರೆ ಮಳೆಗಾಲದಲ್ಲಿ ಪುಟ್ಟ ಹಾವು ಕಂಡಾಗ ಕೈ ಕೋಲಿಗೆ ಹೋಗುವುದಿಲ್ಲ, ಪೆನ್ನಿಗೆ ಹೋಗುತ್ತದೆ. ಆದರೆ ವಿಷದ ಹಾವಿನ ಮರಿಗೂ ವಿಷ ಇದ್ದೇ ಇರುತ್ತದೆ ಎಂಬುದು ನೆನಪಿರಲಿ.

ಹಾವೇ ಕಾಣದ ದಿನ ಪೊರೆ ಹುಡುಕಿ. ಕಲ್ಲಿನ ಸಂದಿಗೆ ಸಿಕ್ಕಿಕೊಂಡಿರುತ್ತದೆ. ಬೆಳಕಿಗೆ ಅಡ್ಡವಾಗಿ ನೋಡಿದರೆ ಬೆನ್ನಿನ ಸಣ್ಣ ಹುರುಪೆಗಳು, ಹೊಟ್ಟೆಯ ಅಗಲ ಪಟ್ಟಿಗಳು, ಕಣ್ಣಿನ ಜಾಗದಲ್ಲಿ ಗಾಜಿನಂಥ ಎರಡು ಮುಚ್ಚಳ. ಕಾಲುಚೀಲ ಕಳಚಿದಂತೆ ಒಳಮೈ ಹೊರಗಾಗಿರುತ್ತದೆ. ಅದರಿಂದಾಗಿ ಪೊರೆಯ ತಲೆ ಹಿಂದೆ ಉಳಿಯುತ್ತದೆ. ಬಾಲದ ತುದಿ ಎತ್ತ ತೋರಿಸುತ್ತದೋ ಹಾವು ಅತ್ತ ಹೋಗಿದೆ. ಆ ದಿಕ್ಕನ್ನು ಬರೆದುಕೊಳ್ಳಿ, ಪೊರೆಯನ್ನು ಅಲ್ಲೇ ಬಿಡಿ.