ಘಾಟಿಯೇ ತೀರ್ಪುಗಾರ

ಮುಂಬಯಿ–ಪುಣೆ ಸೈಕಲ್ ರೇಸ್‌ನ ಸೊಗಸು ಉದ್ದದಲ್ಲಿಲ್ಲ, ದಾರಿಯ ಕಟ್ಟಣೆಯಲ್ಲಿದೆ. ಇಟಲಿಯ ಮಿಲಾನ್–ಸಾನ್ ರೆಮೊ ರೇಸ್ ಸುಮಾರು 300 ಕಿ.ಮೀ. ಇರುವಾಗ, ಅದರ ಅರ್ಧದಷ್ಟಿರುವ ಈ ಓಟವನ್ನೇಕೆ ಮೆಚ್ಚಬೇಕು ಎನ್ನಬಹುದು. ಉತ್ತರ ಬೋರ್ ಘಾಟಿನಲ್ಲಿದೆ. ಕಡಲಮಟ್ಟದಿಂದ ಹೊರಟವರಿಗೆ ಖೋಪೋಲಿ ದಾಟಿದೊಡನೆ ಸಹ್ಯಾದ್ರಿ ಗೋಡೆಯಂತೆ ಎದುರಾಗುತ್ತದೆ. ಸಮತಟ್ಟಿನಲ್ಲಿ ಮುಂದಿನವನ ಬೆನ್ನಿಗಂಟಿ ಗಾಳಿ ತಪ್ಪಿಸಿಕೊಂಡವನಿಗೆ ಏರಿನಲ್ಲಿ ಆ ಆಸರೆ ಕೈಕೊಡುತ್ತದೆ. ಅಲ್ಲಿ ತೂಕ, ಉಸಿರು, ಗೇರುಗಳದೇ ಲೆಕ್ಕ. ಮೊದಲು ಏರಿದವನು ‘ಘಾಟಾಚಾ ರಾಜಾ’, ಅಂದರೆ ಘಾಟಿಯ ರಾಜ. ಆದರೆ ಏರು ಮುಗಿಯುವ ಲೋಣಾವಳದ ಬಳಿಕವೂ 60 ಕಿ.ಮೀ.ಗೂ ಹೆಚ್ಚು ಉಳಿದಿರುವುದರಿಂದ ರಾಜನೇ ಗೆಲ್ಲಬೇಕೆಂದಿಲ್ಲ. ಹಿಂದುಳಿದವರು ಸರದಿಯಂತೆ ಗಾಳಿಗೆ ಎದೆಯೊಡ್ಡಿ ಅವನನ್ನು ಹಿಡಿಯಬಹುದು. ಹಾಗಾದರೆ ಏರಿದ್ದು ವ್ಯರ್ಥವೇ? ಅಲ್ಲ. ಒಂಟಿ ಛಲಕ್ಕೊಂದು ಬಿರುದು, ಗುಂಪಿನ ಜಾಣ್ಮೆಗೊಂದು ಗೆಲುವು: ಎರಡನ್ನೂ ಒಂದೇ ರಸ್ತೆಯಲ್ಲಿ ತೂಗುವುದೇ ಈ ಓಟದ ಹಿರಿಮೆ.