ಫಿಟ್ಸ್‌ಪ್ಯಾಟ್ರಿಕ್ ಮಾಪಕ ಅಳೆಯುವುದೇನನ್ನು?

ಮನುಷ್ಯನ ಚರ್ಮವನ್ನು ಆರು ಬಗೆಗಳಾಗಿ ವಿಂಗಡಿಸುವ ಫಿಟ್ಸ್‌ಪ್ಯಾಟ್ರಿಕ್ ಮಾಪಕಕ್ಕೆ ಇಂದು ಸಲ್ಲುತ್ತಿರುವ ಮನ್ನಣೆ ಅದರ ಯೋಗ್ಯತೆಯನ್ನು ಮೀರಿದ್ದು. ಹಾರ್ವರ್ಡ್‌ನ ಚರ್ಮತಜ್ಞ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ಇದನ್ನು ರೂಪಿಸಿದ್ದು ಬಣ್ಣವನ್ನು ಅಳೆಯಲಿಕ್ಕಲ್ಲ. ಸೋರಿಯಾಸಿಸ್ ರೋಗಿಗಳಿಗೆ ಸೊರಾಲೆನ್ ಔಷಧ ಕೊಟ್ಟು ನೇರಳಾತೀತ ಕಿರಣ ಹಾಯಿಸುವ ಚಿಕಿತ್ಸೆಯಲ್ಲಿ, ಚರ್ಮ ಸುಡದಂತೆ ಕಿರಣದ ಪ್ರಮಾಣವನ್ನು ಗೊತ್ತುಪಡಿಸಲಿಕ್ಕೆ. ಆ ಮಿತಿಯೊಳಗೆ ಅದು ಉಪಯುಕ್ತವೇ ಸರಿ.

ಮಾಪಕದ ಬುನಾದಿಯಾಗಿರುವ ಪ್ರಶ್ನೆಯನ್ನು ಮಾತ್ರ ನಿಧಾನವಾಗಿ ಪರಿಶೀಲಿಸಬೇಕು. ಬೇಸಿಗೆಯ ಆರಂಭದಲ್ಲಿ ಮೊದಲ ಸಲ ಬಿಸಿಲಿಗೆ ಮೈಯೊಡ್ಡಿದಾಗ ಚರ್ಮ ಕೆಂಪೇರಿ ಉರಿಯುತ್ತದೆಯೇ, ಬರಬರುತ್ತ ಕಪ್ಪಾಗುತ್ತದೆಯೇ ಎಂದು ರೋಗಿಯನ್ನೇ ಕೇಳಲಾಗುತ್ತದೆ. ತಿಂಗಳುಗಟ್ಟಲೆ ಮೈಮುಚ್ಚಿಕೊಂಡಿರುವ ಚಳಿಗಾಲವನ್ನು ಈ ಪ್ರಶ್ನೆ ಮೊದಲೇ ಊಹಿಸಿಕೊಂಡಿದೆ. ವರ್ಷವಿಡೀ ಬಿಸಿಲಿರುವ ರಾಯಚೂರಿನ ರೈತನಿಗೆ 'ಮೊದಲ ಬಿಸಿಲು' ಎಂಬುದೇ ಇಲ್ಲ. ಇದಕ್ಕಿಂತ ದೊಡ್ಡ ದೋಷ ವಿಂಗಡಣೆಯ ಒಳಗೇ ಇದೆ. ಮೊದಲ ನಾಲ್ಕು ಬಗೆಗಳು ಬಿಳಿಯ ಚರ್ಮವು ಬಿಸಿಲಿಗೆ ತೋರುವ ಪ್ರತಿಕ್ರಿಯೆಯನ್ನು ಆಧರಿಸಿದ್ದರೆ, ಅನಂತರ ಸೇರಿದ ಐದನೆಯದು ಕಂದು ಚರ್ಮಕ್ಕೂ ಆರನೆಯದು ಕಪ್ಪು ಚರ್ಮಕ್ಕೂ ಮೀಸಲಾದವು. ಅಂದರೆ ನಾಲ್ಕರಿಂದ ಐದಕ್ಕೆ ಬರುವಾಗ ಅಳತೆಯ ಆಧಾರವೇ ಬದಲಾಗಿದೆ, ಪ್ರಪಂಚದ ಬಹುಪಾಲು ಜನರ ವೈವಿಧ್ಯವು ಕೊನೆಯ ಕೆಲವೇ ಬಗೆಗಳಲ್ಲಿ ಅಡಕಗೊಂಡಿದೆ.

ಜೀವವಿಜ್ಞಾನವೂ ಈ ಬೆರಕೆಯನ್ನು ಒಪ್ಪುವುದಿಲ್ಲ. ವರ್ಣದ್ರವ್ಯವನ್ನು ತಯಾರಿಸುವ ಮೆಲನೋಸೈಟ್ ಕೋಶಗಳ ಸಂಖ್ಯೆ ಎಲ್ಲ ಬಣ್ಣದವರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಆ ದ್ರವ್ಯವನ್ನು ತುಂಬಿಕೊಂಡ ಮೆಲನೋಸೋಮ್ ಎಂಬ ಕಣಗಳ ಗಾತ್ರ ಮತ್ತು ಹರಡಿಕೆಯಲ್ಲಿ, ಹಾಗೂ ಕಿರಣವನ್ನು ಚೆನ್ನಾಗಿ ತಡೆಯುವ ಕಂದುಗಪ್ಪು ಯೂಮೆಲನಿನ್‌ಗೂ ಅಷ್ಟಾಗಿ ತಡೆಯದ ಕೆಂಪು-ಹಳದಿ ಫಿಯೋಮೆಲನಿನ್‌ಗೂ ಇರುವ ಅನುಪಾತದಲ್ಲಿ. ಬಣ್ಣ ಮತ್ತು ಬಿಸಿಲು ತಾಳುವ ಶಕ್ತಿ ಪರಸ್ಪರ ಸಂಬಂಧವುಳ್ಳವು, ಆದರೆ ಒಂದೇ ಅಲ್ಲ.

ಮಾಪಕದ ಟೀಕಾಕಾರರಲ್ಲಿ ಹಲವರು ಈ ಮೂಲದೋಷವನ್ನು ಬಿಟ್ಟು ಬಗೆಗಳು ಕಡಿಮೆಯಾದವೆಂದು ದೂರುತ್ತಾರೆ, ಸಮಾಜಶಾಸ್ತ್ರಜ್ಞ ಎಲಿಸ್ ಮಂಕ್ ರೂಪಿಸಿ 2022ರಲ್ಲಿ ಗೂಗಲ್ ಬಳಕೆಗೆ ತಂದ ಹತ್ತು ಛಾಯೆಗಳ ಪಟ್ಟಿಯನ್ನು ಪರಿಹಾರವೆಂದು ಮುಂದಿಡುತ್ತಾರೆ. ಮುಖ ಗುರುತಿಸುವ ತಂತ್ರಾಂಶಗಳ ಪಕ್ಷಪಾತವನ್ನು ಪತ್ತೆಹಚ್ಚಲು ಆ ಪಟ್ಟಿ ನೆರವಾದೀತು. ಆದರೆ ಅಲ್ಲಿಯೂ ತೀರ್ಪು ನೋಡುವವರ ಕಣ್ಣಿನದು, ಬೆಳಕು ಬದಲಾದರೆ ಛಾಯೆಯೂ ಬದಲಾಗುತ್ತದೆ. ಆರನ್ನು ಹತ್ತಾಗಿಸಿದ ಮಾತ್ರಕ್ಕೆ ಅಂದಾಜು ಅಳತೆಯಾಗುವುದಿಲ್ಲ. ಚಿಕಿತ್ಸೆಗೆ ಬೇಕಾದ ಸಹನಶಕ್ತಿಯನ್ನು ಚರ್ಮದ ಸಣ್ಣ ಭಾಗಕ್ಕೆ ಕಿರಣ ಹಾಯಿಸಿ ಪರೀಕ್ಷಿಸಬಹುದು. ಬಣ್ಣವನ್ನು ಅಳೆಯಲು, ಚರ್ಮ ಹಿಂದಿರುಗಿಸುವ ಬೆಳಕನ್ನು ತರಂಗಾಂತರವಾರು ದಾಖಲಿಸುವ ಉಪಕರಣವಿದೆ, ಮತ್ತು ಎಡ್ವರ್ಡ್ಸ್ ಹಾಗೂ ಡಂಟ್ಲಿ ಅದರಿಂದ ಜೀವಂತ ಚರ್ಮದ ಬಣ್ಣವನ್ನು ಅಳೆದು ಪ್ರಕಟಿಸಿದ್ದು 1939ರಲ್ಲಿ, ಫಿಟ್ಸ್‌ಪ್ಯಾಟ್ರಿಕ್ ಮಾಪಕಕ್ಕಿಂತ 36 ವರ್ಷ ಮೊದಲು.